ಅರವತ್ತು ಕಿಲೋಮೀಟರಿನೊಳಗಿನ ಹುಳು ಮನೆ

ಹೆಸರು: ಮಮತ, ತಂದೆ ದಿವಂಗತ ವೆಂಕಟರಮಣಪ್ಪ. ವಯಸ್ಸು: 48 ವರ್ಷ. ವಿದ್ಯಾಭ್ಯಾಸ: ರೇಷ್ಮೆ ಕೃಷಿಯಲ್ಲಿ ಎಂ.ಎಸ್ಸಿ. ಉದ್ಯೋಗ: ರೇಷ್ಮೆ ಚಾಕಿ ಸಾಕಾಣಿಕೆ. ವಾಸ: ವಿಜಯಪುರ ಟೌನ್, ದೇವನಹಳ್ಳಿ ತಾಲ್ಲೂಕು, ಬೆಂಗಳೂರು ಗ್ರಾಮಾಂತರ ಜಿಲ್ಲೆ.

ಮೇಲೆ ಬರೆದ ಹೆಸರು ವಿಳಾಸದ ನಾನು ಇಂದು ದಿನಾಂಕ 20-11-2025ರ ಗುರುವಾರ ಮಧ್ಯಾಹ್ನ 2 ಗಂಟೆಗೆ ಠಾಣೆಗೆ ಒಬ್ಬಳೇ ಬಂದು, ಎ.ಎಸ್.ಐ. ಸಿದ್ದರಾಜು ಅವರ ಎದುರು ಕುಳಿತು ಹೇಳಿ ಬರೆಸುತ್ತಿರುವ ಸಂಗತಿ ಈ ಕೆಳಗಿನಂತಿದೆ.

ಬರೆದುಕೊಳ್ಳುತ್ತಿರುವ ಪೇದೆಯವರು ಬೇರೆ ಜಿಲ್ಲೆಯವರಾದ್ದರಿಂದ ಚಾಕಿ ಎಂದರೇನು ಎಂದು ಕೇಳಿದರು. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದಾಗ ಇರುವೆಗಿಂತ ಸಣ್ಣದಾಗಿರುತ್ತದೆ. ಬೆಳೆಯುವಾಗ ಅದು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ತಲೆ ಎತ್ತಿ ಅಲುಗಾಡದೆ ಕೂರುತ್ತದೆ, ಏನನ್ನೂ ತಿನ್ನುವುದಿಲ್ಲ. ಇದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ಪೊರೆ ಕಳಚಿ ಮತ್ತೆ ತಿನ್ನಲು ಶುರು ಮಾಡಿದರೆ ಜ್ವರ ಎದ್ದಿತು ಎನ್ನುತ್ತಾರೆ. ಎರಡನೇ ಜ್ವರದವರೆಗೆ ಹಿಪ್ಪುನೇರಳೆಯ ಎಳೆ ಸೊಪ್ಪು ಹೆಚ್ಚಿ ಹಾಕಿ, ತೇವ ಮತ್ತು ಶಾಖ ಕಾಪಾಡಿ ಹುಳುವನ್ನು ಸಾಕಿ ರೈತರ ಮನೆಗೆ ಕಳಿಸುವುದೇ ಚಾಕಿ ಕೆಲಸ. ಆ ಎಂಟು ಒಂಬತ್ತು ದಿನಗಳಲ್ಲಿ ಕೆಟ್ಟರೆ ಮುಂದೆ ರೈತ ಏನು ಮಾಡಿದರೂ ಗೂಡು ಬರುವುದಿಲ್ಲ. ಆದ್ದರಿಂದ ಈ ಕೆಲಸದಲ್ಲಿ ಬಂಡವಾಳಕ್ಕಿಂತ ಹೆಸರು ಮುಖ್ಯ. ಯಾರ ಕೈಯ ಹುಳು ಎಂದು ಕೇಳಿ ರೈತರು ತೆಗೆದುಕೊಂಡು ಹೋಗುತ್ತಾರೆ.

ನಾನು 2008ರಿಂದ ಈ ವರ್ಷ ಏಪ್ರಿಲ್ 30ರವರೆಗೆ ವಿಜಯಪುರದ ಹೊರಗೆ ಉಮಾಶಂಕರ್ ಎಂಬುವರು ನಡೆಸುವ ಚಾಕಿ ಕೇಂದ್ರದಲ್ಲಿ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದೆ. ಅಲ್ಲಿನ ಹಿಪ್ಪುನೇರಳೆ ತೋಟದ ಪ್ರತಿ ಸಾಲೂ ನಾನು ನಿಂತು ನೆಡಿಸಿದ್ದು. ಪ್ರತಿ ವರ್ಷ ಯುಗಾದಿ ಕಳೆದ ವಾರ ಅವರು ಛಾಪಾ ಕಾಗದದ ಮೇಲೆ ಕರಾರು ಮಾಡಿಸುತ್ತಿದ್ದರು. ಕೆಲಸ ಬಿಟ್ಟ ದಿನದಿಂದ ಮೂರು ವರ್ಷ, ಕೇಂದ್ರದಿಂದ ಅರವತ್ತು ಕಿಲೋಮೀಟರಿನೊಳಗೆ, ಚಾಕಿ ಕೆಲಸವನ್ನು ಸ್ವಂತಕ್ಕಾಗಲಿ ಪರರಿಗಾಗಲಿ ಮಾಡತಕ್ಕದ್ದಲ್ಲ, ಕಲಿಸತಕ್ಕದ್ದಲ್ಲ, ಸಲಹೆ ನೀಡತಕ್ಕದ್ದಲ್ಲ ಎಂದು ಅದರಲ್ಲಿತ್ತು. ಸೊಪ್ಪು ಹೆಚ್ಚುವ ಹೆಂಗಸರಿಂದಲೂ ಇದೇ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸುತ್ತಿದ್ದರು. ನಾನು ಪ್ರತಿ ಸಲವೂ ಓದಿಯೇ ಸಹಿ ಮಾಡಿದ್ದೇನೆ. ಅರವತ್ತು ಕಿಲೋಮೀಟರ್ ಎಂದರೆ ಆಚೆ ಎಲ್ಲೂ ಹಿಪ್ಪುನೇರಳೆ ಬೆಳೆಯುವುದಿಲ್ಲ ಎಂದಲ್ಲ. ಆಚೆ ನನ್ನನ್ನು ಬಲ್ಲವರು ಯಾರೂ ಇಲ್ಲ. ಇದಲ್ಲದೆ ಉಮಾಶಂಕರ್ ಅವರೂ ಸೇರಿ ಸುತ್ತಲಿನ ನಾಲ್ಕು ಚಾಕಿ ಕೇಂದ್ರಗಳ ಮಾಲೀಕರು, ಒಬ್ಬರನ್ನು ಬಿಟ್ಟು ಬಂದವರನ್ನು ಇನ್ನೊಬ್ಬರು ಸೇರಿಸಿಕೊಳ್ಳಬಾರದೆಂದು ಬಾಯಿಮಾತಿನಲ್ಲಿ ಒಪ್ಪಂದ ಮಾಡಿಕೊಂಡಿದ್ದಾರೆ. ಇದು ಎಲ್ಲರಿಗೂ ಗೊತ್ತಿದೆ. ಎಲ್ಲಿಯೂ ಬರೆದಿಲ್ಲ.

ಕೆಲಸ ಬಿಟ್ಟ ಕಾರಣವನ್ನು ಎ.ಎಸ್.ಐ. ಅವರು ಕೇಳಿದರು. ಜಗಳವೇನೂ ಆಗಿರಲಿಲ್ಲ. ಸಂಬಳ ತಡವಾಗಿರಲಿಲ್ಲ. ಈ ವರ್ಷ ಮಾರ್ಚ್‌ನಲ್ಲಿ ಒಂದು ಬೆಳಿಗ್ಗೆ ಹುಳು ಸಾಕುವ ತಟ್ಟೆಗಳ ಮುಂದೆ ನಿಂತಿದ್ದಾಗ, ಇಷ್ಟು ವರ್ಷ ಸಾಕಿದ ಹುಳುಗಳಲ್ಲಿ ಒಂದು ತಟ್ಟೆಯೂ ನನ್ನದಲ್ಲ ಎಂದು ಅನ್ನಿಸಿತು. ಐವತ್ತು ತುಂಬುವುದರೊಳಗೆ ಒಂದು ಹುಳು ಮನೆಯನ್ನು ನನ್ನ ಲೆಕ್ಕದಲ್ಲಿ ನಡೆಸಿ ನೋಡಬೇಕೆಂಬ ಆಸೆಯಾಯಿತು. ಕಾರಣ ಇಷ್ಟೇ.

ಏಪ್ರಿಲ್ 30ರಂದು ರಾಜೀನಾಮೆ ಕೊಟ್ಟಾಗ ಉಮಾಶಂಕರ್ ಅವರು ಸಿಟ್ಟಾಗಲಿಲ್ಲ. ಕಾಫಿ ತರಿಸಿದರು. ನಾನು ಮಧ್ಯಾಹ್ನದ ಬಿಡುವಿನಲ್ಲಿ ಕವಿತೆ ಓದುವುದನ್ನು ನೆನಪಿಸಿ, ಅಂಥವರಿಗೆ ವ್ಯವಹಾರದ ಕಷ್ಟ ಯಾಕೆ ಎಂದು ಕೇಳಿದರು. ಕರಾರಿನ ಆ ಒಂದು ಕಲಮನ್ನು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿ ಹೇಳಿದರು. ಆಮೇಲೆ ಕಾಗದ ಮಡಚುತ್ತಾ ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ:

"ನಾನು ಕೋರ್ಟು ಕಚೇರಿ ಅಂತ ಅಲೆಯೋನಲ್ಲ ಮೇಡಂ. ಹುಳ ಸಾಕೋರಿಗೆ ತಾಳ್ಮೆ ಬೇಕು. ನಂಗಿದೆ."

ಮೇ ತಿಂಗಳಲ್ಲಿ ನಾನು ದೇವನಹಳ್ಳಿಯ ವಕೀಲರಾದ ಭೀಮರಾಜ್ ಅವರನ್ನು ಕಂಡು ಕರಾರಿನ ನಕಲು ತೋರಿಸಿದೆ. ಕೆಲಸದಲ್ಲಿರುವಾಗ ಬೇರೆ ಕಡೆ ದುಡಿಯಬೇಡ ಎನ್ನಬಹುದು, ಬಿಟ್ಟು ಹೋದವರನ್ನು ಅವರಿಗೆ ಗೊತ್ತಿರುವ ಕೆಲಸ ಮಾಡಬೇಡ ಎಂದು ಕಟ್ಟಿಹಾಕಲು ಕರಾರು ಕಾಯ್ದೆಯ ಇಪ್ಪತ್ತೇಳನೇ ಕಲಮು ಬಿಡುವುದಿಲ್ಲ, ಆ ಷರತ್ತು ಬರೆದ ಶಾಯಿಗೂ ಬೆಲೆಯಿಲ್ಲ ಎಂದು ಅವರು ತಿಳಿಸಿದರು. ನನಗೆ ಸಮಾಧಾನವಾಯಿತು. ಎದ್ದು ಹೊರಡುವಾಗ ಅವರು, ಉಮಾಶಂಕರ್ ಕೋರ್ಟಿಗೆ ಹೋಗುವುದಿಲ್ಲ ಎಂದಿದ್ದು ನಿಜವೇ ಎಂದು ಮತ್ತೊಮ್ಮೆ ಕೇಳಿದರು. ನಿಜ ಎಂದೆ.

"ಹೋಗಿದ್ರೆ ಚೆನ್ನಾಗಿತ್ತು," ಎಂದರು.

ಜೂನ್ ತಿಂಗಳಿನಲ್ಲಿ ನಾನು ವಿಜಯಪುರದಿಂದ ಆರು ಕಿ.ಮೀ. ದೂರದ ಮಾಳಿಗೇನಹಳ್ಳಿಯಲ್ಲಿ ಅನುಸೂಯಮ್ಮ ಎಂಬುವರ ಒಂದು ಎಕರೆ ಹಿಪ್ಪುನೇರಳೆ ತೋಟವನ್ನೂ ಅದರ ಪಕ್ಕದ ಹಳೆಯ ಹುಳು ಮನೆಯನ್ನೂ ಗುತ್ತಿಗೆಗೆ ಪಡೆದೆ. ಅನುಸೂಯಮ್ಮನವರಿಗೆ ಎಪ್ಪತ್ತು ದಾಟಿದೆ, ತೋಟದ ತಲೆಗೇ ಅವರ ಮನೆ. ಉಮಾಶಂಕರ್ ಅವರ ಕೇಂದ್ರದಲ್ಲಿ ನನ್ನ ಜೊತೆ ಹತ್ತು ವರ್ಷ ಕೆಲಸ ಮಾಡಿದ್ದ ಫರ್ಹಾ, ವಯಸ್ಸು 31, ವಿಜಯಪುರ ವಾಸಿ, ಜುಲೈನಲ್ಲಿ ತಾನೂ ಕೆಲಸ ಬಿಟ್ಟು ನನ್ನೊಂದಿಗೆ ಪಾಲಿಗೆ ಬಂದಳು. ಅವಳ ಗಂಡ ಮುಜಾಮಿಲ್‌ಗೆ ಸ್ವಂತದ ಗೂಡ್ಸ್ ಆಟೋ ಇದೆ. ನಾಲ್ಕೂ ಚಾಕಿ ಕೇಂದ್ರಗಳ ಹುಳುಗಳನ್ನು ರೈತರ ಮನೆಗೆ ಸಾಗಿಸುವುದು ಅವನ ಮುಖ್ಯ ಬಾಡಿಗೆ. ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ಎರಡು ಚಾಕಿ ಮಾಡಿ ಕಳಿಸಿದೆವು. ಎರಡೂ ಚೆನ್ನಾಗಿ ಬಂದವು. ಗೂಡು ಮಾರಿ ಬಂದ ರೈತರು ಬಾಳೆಹಣ್ಣು, ವೀಳ್ಯದೆಲೆ ತಂದು ಕೊಟ್ಟು ಹೋದರು.

ಎರಡನೇ ಚಾಕಿಯ ಹೊತ್ತಿಗೆ ಬೈರೇಶ್ ಬರಲು ಶುರು ಮಾಡಿದ. ಇವನು ಉಮಾಶಂಕರ್ ಅವರ ಗೂಡ್ಸ್ ವಾಹನದ ಚಾಲಕ, ವಯಸ್ಸು ಸುಮಾರು 40. ನನಗೆ ಬಹಳ ವರ್ಷಗಳ ಪರಿಚಯ. ನನ್ನನ್ನು ಅಕ್ಕ ಎಂದು ಕರೆಯುತ್ತಾನೆ. ಹುಳು ಮನೆಯ ಎದುರಿನ ರಸ್ತೆಯ ಮೋರಿಯ ಮೇಲೆ ಬಂದು ಕೂರುತ್ತಿದ್ದ. ಗೇಟಿನೊಳಗೆ ಒಂದು ಸಲವೂ ಕಾಲಿಟ್ಟಿಲ್ಲ. ದನಿ ಎತ್ತಿಲ್ಲ. ನಾನು ಹೊರಗೆ ಬಂದರೆ ಎದ್ದು ನಿಲ್ಲುತ್ತಿದ್ದ, ಬಿಸಿಲಲ್ಲಿ ಓಡಾಡಬೇಡಿ ಎನ್ನುತ್ತಿದ್ದ. ಅವನ ಮೇಲೆ ದೂರು ಹೇಳಲು ಹೋದರೆ ಹೇಳುವುದಕ್ಕೆ ಏನೂ ಸಿಗುತ್ತಿರಲಿಲ್ಲ. ಅನುಸೂಯಮ್ಮನವರು ಮಾತ್ರ ಒಂದು ದಿನ ಕಾಂಪೌಂಡಿನ ಬಳಿ ನಿಂತು ಅವನನ್ನು ಮಾತಾಡಿಸಿದರು.

"ಏನ್ಲಾ ಬೈರೇಶ, ದಿನಾ ಬಂದು ಕೂತ್ಕೋತೀಯಲ್ಲ, ನಮ್ಮ ಮೋರಿಗೆ ಬಾಡಿಗೆ ಕೊಡ್ತೀಯಾ?"

"ಸಾಹೇಬ್ರು ಕೊಡ್ತಾರೆ ಬುಡಜ್ಜಿ," ಎಂದ. "ಎಲ್ಲಾರ್ದೂ ಸೇರ್ಸಿ ಕೊಡ್ತಾರೆ."

ಅನುಸೂಯಮ್ಮನವರು ನಕ್ಕರು. ನಾನೂ ನಕ್ಕೆ. ಅದೇ ವಾರ ಒಂದು ಸಂಜೆ ಅವನು, ಆ ನೀಲಿ ರಟ್ಟಿನ ಪುಸ್ತಕ ಓದಿ ಮುಗಿಯಿತೇ ಎಂದು ಕೇಳಿದ. ಆ ಪುಸ್ತಕವನ್ನು ನಾನು ಹುಳು ಮನೆಯ ಹಿಂದಿನ ಕೋಣೆಯಲ್ಲಿ ಬಿಟ್ಟು ಬೇರೆಲ್ಲೂ ಓದಿರಲಿಲ್ಲ. ಆ ಕೋಣೆಗೆ ಇರುವುದು ಒಂದೇ ಕಿಟಕಿ, ಅದು ರಸ್ತೆಗೆ ಕಾಣುವುದಿಲ್ಲ. ಅಂದಿನಿಂದ ನಾನು ಆ ಕಿಟಕಿ ತೆರೆದಿಲ್ಲ.

ಮೂರನೇ ಚಾಕಿಯ ಮೊಟ್ಟೆ ನವೆಂಬರ್ 3ರಂದು ಒಡೆಯಿತು. ಇಪ್ಪತ್ತೆರಡು ಮಂದಿ ರೈತರು ಹುಳು ಬೇಕೆಂದು ಹೇಳಿದ್ದರು. ನವೆಂಬರ್ 10ರ ಸೋಮವಾರ ಮಧ್ಯಾಹ್ನ ಹುಳು ಎರಡನೇ ಜ್ವರಕ್ಕೆ ಕುಳಿತಿತು. ಆ ಸಂಜೆ ನಾನು ಗೇಟಿಗೆ ಬೀಗ ಹಾಕುವಾಗ ಬೈರೇಶ್ ಮೋರಿಯಿಂದ ಎದ್ದು ನಿಂತು ಕೇಳಿದ್ದು:

"ನಾಳೆ ಮಧ್ಯಾಹ್ನ ಜ್ವರ ಏಳ್ತವಲ್ವಾ ಅಕ್ಕ? ಸೊಪ್ಪು ಬೆಳಿಗ್ಗೆ ಕುಯ್ತೀರಾ, ಇಲ್ಲಾ ಈಗ್ಲೇ ಕುಯ್ದು ಇಟ್ಕೊಂಡಿದೀರಾ?"

ಜ್ವರ ಎದ್ದ ಹುಳುವಿಗೆ ತಾಜಾ ಸೊಪ್ಪೇ ಆಗಬೇಕಾದ್ದರಿಂದ ಬೆಳಿಗ್ಗೆ ಕೊಯ್ಯುತ್ತೇವೆ ಎಂದು ನಾನು ಹೇಳಿದೆ. ಈ ಕೆಲಸದಲ್ಲಿರುವವರು ರಸ್ತೆಯಲ್ಲಿ ಸಿಕ್ಕಾಗ ಒಬ್ಬರನ್ನೊಬ್ಬರು ಕೇಳುವುದೇ ಇಂಥ ಮಾತು. ಊಟವಾಯಿತೇ ಎಂದು ಕೇಳಿದವರಿಗೆ ಉತ್ತರ ಕೊಟ್ಟ ಹಾಗೆ ಕೊಟ್ಟೆ.

ನಮ್ಮ ತೋಟದ ಪೂರ್ವಕ್ಕೆ ಬೇಲಿಯಾಚೆ ಸೊಣ್ಣಪ್ಪ ಎಂಬುವರ ದ್ರಾಕ್ಷಿ ತೋಟವಿದೆ. ದ್ರಾಕ್ಷಿಗೆ ಹೊಡೆಯುವ ಔಷಧಿಯ ಗಾಳಿ ತಾಗಿದ ಸೊಪ್ಪು ತಿಂದರೆ ರೇಷ್ಮೆ ಹುಳು ಸಾಯುತ್ತದೆ. ಆದಕಾರಣ ನಮ್ಮ ಕಡೆ ದ್ರಾಕ್ಷಿಯವರು ಔಷಧಿ ಹೊಡೆಯುವ ಹಿಂದಿನ ಸಂಜೆ ಬೇಲಿಯ ಹತ್ತಿರ ನಿಂತು ಸೊಪ್ಪಿನವರನ್ನು ಕೂಗಿ ಹೇಳುವುದು ರೂಢಿ. ಸೊಪ್ಪಿನವರು ಅಂದೇ ಕೊಯ್ದು ಒದ್ದೆ ಗೋಣಿಯಲ್ಲಿ ಸುತ್ತಿ ಒಳಗಿಡುತ್ತಾರೆ. ಮಾತು ಬಿಟ್ಟವರ ನಡುವೆಯೂ ಈ ಕೂಗು ನಿಲ್ಲುವುದಿಲ್ಲ. ಸೊಣ್ಣಪ್ಪನವರು ಅನುಸೂಯಮ್ಮನವರ ಮನೆಯವರೊಂದಿಗೆ ಬದುವಿನ ವಿಷಯಕ್ಕೆ ಮಾತು ಬಿಟ್ಟಿದ್ದ ವರ್ಷಗಳಲ್ಲೂ ಬೇಲಿಯ ಕಡೆ ಬೆನ್ನು ಮಾಡಿ ನಿಂತು ಕೂಗುತ್ತಿದ್ದರಂತೆ.

ನವೆಂಬರ್ 11ರ ಮಂಗಳವಾರ ಬೆಳಿಗ್ಗೆ 7 ಗಂಟೆ 40 ನಿಮಿಷಕ್ಕೆ ನಾನೂ ಫರ್ಹಾಳೂ ಸೊಪ್ಪು ಕೊಯ್ಯಲು ಬುಟ್ಟಿ ತೆಗೆದುಕೊಂಡು ತೋಟಕ್ಕೆ ಇಳಿದೆವು. ಆಗ ಸೊಣ್ಣಪ್ಪನವರ ತೋಟದ ಮೇಲೆ ಡ್ರೋನ್ ಹಾರುತ್ತಿತ್ತು. ಗಾಳಿ ಪೂರ್ವದಿಂದ ಬೀಸುತ್ತಿತ್ತು. ಡ್ರೋನ್ ಬೇಲಿಯವರೆಗೆ ಬಂದು ತಿರುಗುವಾಗ ಮಂಜಿನಂಥದ್ದು ನಮ್ಮ ಸಾಲುಗಳ ಮೇಲೆ ಇಳಿಯಿತು. ಎಲೆಗಳು ಹೊಳೆದವು. ಫರ್ಹಾ ಸೆರಗನ್ನು ಮೂಗಿಗೆ ಹಿಡಿದುಕೊಂಡು ನಿಂತಳು. ನಾನು ಬೇಲಿಯ ಬಳಿ ಓಡಿ ಕೂಗಿದೆ. ಡ್ರೋನ್ ಹಾರಿಸುತ್ತಿದ್ದವರು ಕಿವಿಗೆ ಏನನ್ನೋ ಹಾಕಿಕೊಂಡಿದ್ದರು.

ಕೂಗು ಕೇಳಿ ಸೊಣ್ಣಪ್ಪನವರು ಮನೆಯಿಂದ ಬಂದರು. ಉಮಾಶಂಕರ್ ಅವರು ರೈತರಿಗೆಂದು ಪುಕ್ಕಟೆ ಡ್ರೋನ್ ಪ್ರದರ್ಶನ ಇಟ್ಟಿದ್ದಾರೆಂದೂ, ಮೊದಲು ತಮ್ಮ ತೋಟವನ್ನೇ ಆರಿಸಿದ್ದಾರೆಂದೂ ತಿಳಿಸಿದರು. ಆಮೇಲೆ ನನ್ನ ಕೈಯ ಖಾಲಿ ಬುಟ್ಟಿಯನ್ನು ನೋಡಿದರು.

"ನೆನ್ನೆ ಸಂಜೆ ಕೂಗಾನಾ ಅಂತ ಬೇಲಿ ತಾವ ಬಂದಿದ್ದೆ ಕಣಮ್ಮ. ಬೈರೇಶ ಮೋರಿ ಮೇಲಿದ್ದ. ಅಕ್ಕಂಗೆ ಆಗ್ಲೇ ಹೇಳಿದೀನಿ, ಸೊಪ್ಪೆಲ್ಲಾ ಕುಯ್ದು ಒಳಗಿಟ್ಟವ್ರೆ, ನೀನ್ಯಾಕೆ ಗಂಟ್ಲು ಹರ್ಕೋತೀಯಾ ಅಂದ. ವಾಪಸ್ ಹೋದೆ."

ಸೊಣ್ಣಪ್ಪನವರು ನನ್ನ ಮುಂದೆ ಕೈಮುಗಿಯಲು ಬಂದರು, ನಾನು ಬೇಡವೆಂದೆ. ಅವರ ಮೇಲೆ ನನ್ನ ದೂರಿಲ್ಲ. ಒಬ್ಬರು ಹೇಳಿಯಾಗಿದೆ ಎಂದ ಮೇಲೆ ಇನ್ನೊಬ್ಬರು ಕೂಗುವ ಪದ್ಧತಿಯಿಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಹಾಗೆಯೇ ತಿರುಗಿ ಹೋಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಹುಳು ಜ್ವರ ಏಳುವುದಿತ್ತು. ಬೇರೆ ತೋಟದ ಎಳೆ ಸೊಪ್ಪು ಬೇಕಾಯಿತು. ಸೊಪ್ಪು ಸಾಲದೆ ಬಂದರೆ ಬೇರೆಯವರು ಕೊಡುವುದು ಈ ಕಡೆ ಸಾಮಾನ್ಯ. ಹಸಿದ ಹುಳುವಿಗೆ ಸೊಪ್ಪು ಇಲ್ಲವೆಂದವರನ್ನು ನನ್ನ ಅನುಭವದಲ್ಲಿ ನಾನು ಕಂಡಿರಲಿಲ್ಲ. ಮುಜಾಮಿಲ್‌ನ ಆಟೋದಲ್ಲಿ ನಾವು ಮೂವರೂ 8 ಗಂಟೆ 30 ನಿಮಿಷಕ್ಕೆ ಹೊರಟೆವು.

ಮೊದಲನೆಯ ತೋಟದವರು ಸೊಪ್ಪೆಲ್ಲ ಬೇರೆಯವರಿಗೆ ಮಾತಾಗಿದೆ ಎಂದರು. ಅವರ ಬೆನ್ನ ಹಿಂದೆ ಮೊಣಕಾಲೆತ್ತರದ ಎಳೆ ಸೊಪ್ಪು ನಿಂತಿತ್ತು. ಅವರು ಆ ಕಡೆ ತಿರುಗಿ ನೋಡದಂತೆ ನಮ್ಮೊಡನೆ ಮಾತಾಡಿದರು. ಎರಡನೆಯವರು ನಮ್ಮ ಆಟೋ ನೋಡಿ ಪಂಪಿನ ಮನೆಯೊಳಗೆ ಹೋದವರು ಹೊರಗೆ ಬರಲಿಲ್ಲ. ಮೂರನೆಯದು ಅಕ್ಕಯಮ್ಮ ಎಂಬುವರ ತೋಟ. ಅವರ ಮನೆಯ ಹುಳು ಸತತವಾಗಿ ಕೆಟ್ಟ ವರ್ಷ ನಾನು ಹದಿನೈದು ದಿನ ದಿನಾ ಹೋಗಿ ಮನೆ ತೊಳೆಸಿ, ಸುಣ್ಣ ಹೊಡೆಸಿ, ಬೆಳೆ ಎತ್ತಿಸಿಕೊಟ್ಟಿದ್ದೆ. ಅವರು ಬಾಗಿಲನ್ನು ಅರ್ಧ ಮುಚ್ಚಿ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಾತಾಡಿದರು.

"ಕೇಳ್ಬೇಡ ಕಣವ್ವಾ. ನೀನು ಕೇಳುದ್ರೆ ನಾನು ಇಲ್ಲ ಅನ್ಬೇಕಾಯ್ತದೆ. ಆ ಮಾತು ನನ್ ಬಾಯಲ್ಲಿ ಅನ್ನುಸ್ಬೇಡ."

ಹಿಂದಿನ ಸಂಜೆ ಸುತ್ತಲಿನ ಸೊಪ್ಪಿನವರಿಗೆಲ್ಲ ಫೋನು ಬಂದಿತ್ತೆಂದು ಆಮೇಲೆ ತಿಳಿಯಿತು. ನನಗೆ ಸೊಪ್ಪು ಕೊಟ್ಟವರಿಗೆ ಮುಂದಿನ ವರ್ಷ ಪೂರ್ತಿ ನಾಲ್ಕೂ ಕೇಂದ್ರಗಳಲ್ಲಿ ಹುಳು ಸಿಗುವುದಿಲ್ಲ ಎಂಬುದು ಆ ಫೋನಿನ ತಾತ್ಪರ್ಯ. ಫೋನು ಹೋಗಿದ್ದು ಡ್ರೋನ್ ಹಾರುವುದಕ್ಕೆ ಹನ್ನೆರಡು ಗಂಟೆ ಮೊದಲು ಎಂಬುದನ್ನು ದಯವಿಟ್ಟು ಸ್ಪಷ್ಟವಾಗಿ ಬರೆದುಕೊಳ್ಳಬೇಕು.

ಬರಿಗೈಯಲ್ಲಿ ಹಿಂತಿರುಗಿದಾಗ ಹುಳು ಜ್ವರ ಎದ್ದಿತ್ತು. ಜ್ವರ ಎದ್ದ ಹುಳು ಸೊಪ್ಪಿಗಾಗಿ ತಲೆ ಎತ್ತಿ ಅತ್ತಿತ್ತ ಆಡಿಸುತ್ತದೆ. ಇಪ್ಪತ್ತೆರಡು ಮನೆಯ ಹುಳು ಒಟ್ಟಿಗೆ ಹಾಗೆ ಮಾಡುತ್ತಿತ್ತು. ಶಬ್ದವೇನೂ ಇರಲಿಲ್ಲ. ಫರ್ಹಾ ಒಂದೊಂದೇ ತಟ್ಟೆಯ ಮೇಲೆ ಒದ್ದೆ ಕಾಗದ ಹಾಸಿ ಮುಚ್ಚುತ್ತಾ ಬಂದಳು. ತೇವಕ್ಕಾಗಿ ಹಾಸುವುದು ಕ್ರಮ. ಅಂದು ಅವಳು ಹಾಸಿದ್ದು ನೋಡಲಾರದೆ.

ಮಧ್ಯಾಹ್ನ 3 ಗಂಟೆಗೆ ಬೈರೇಶ್ ವಾಹನ ತಂದು ಗೇಟಿನ ಮುಂದೆ ನಿಲ್ಲಿಸಿದ. ಹಿಂಭಾಗದಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಎಳೆ ಸೊಪ್ಪಿತ್ತು, ನಮ್ಮ ಹುಳುವಿಗೆ ಎಷ್ಟು ಬೇಕೋ ಸರಿಯಾಗಿ ಅಷ್ಟು. ಹುಳು ಹಸಿದಿರಬಾರದೆಂದು ಸಾಹೇಬರು ಕಳಿಸಿದ್ದಾರೆ ಎಂದು ಹೇಳಿ, ಗೋಣಿಗಳನ್ನು ಗೇಟಿನ ಹೊರಗೆ ನೆರಳಿನಲ್ಲಿ ಜೋಡಿಸಿ, ಮತ್ತೆ ಮೋರಿಯ ಮೇಲೆ ಕುಳಿತ.

ಫರ್ಹಾ ಹಾಕೋಣ ಎಂದಳು. ಸೊಪ್ಪಿಗೆ ವಿಷ ಹಾಕುವವರು ಹುಟ್ಟಿಲ್ಲ ಮೇಡಂ ಎಂದಳು. ಅಂದು ಬೆಳಿಗ್ಗೆಯಾಗಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆ. ಹತ್ತು ಹುಳುಗಳನ್ನು ಬೇರೆ ತಟ್ಟೆಗೆ ತೆಗೆದು, ಪ್ರತಿ ಗೋಣಿಯಿಂದ ಒಂದು ಎಲೆ ಹೆಚ್ಚಿ ಹಾಕಿ, ಮುಂದೆ ಕುಳಿತು ನೋಡಿದೆ. ವಿಷವಿದ್ದರೆ ಹುಳು ಮೈ ತಿರುಚಿ ಹಸಿರು ನೀರು ಕಕ್ಕುತ್ತದೆ. ಅವು ಕಕ್ಕಲಿಲ್ಲ. ಎಲೆಯ ಅಂಚಿನಿಂದ ಶುರು ಮಾಡಿ ಒಳಗೆ ತಿನ್ನುತ್ತಾ ಹೋದವು. ಆ ಎಲೆ ಯಾವ ತೋಟದ್ದೆಂದು ನನಗೆ ಆಗಲೇ ಗೊತ್ತಾಗಿತ್ತು. ಹದಿನೇಳು ವರ್ಷ ನಾನು ಬೆಳೆಸಿದ ತೋಟದ್ದು.

ಹೀಗೆ ಕುಳಿತಿರುವಾಗ ಉಮಾಶಂಕರ್ ಅವರಿಂದ ಫೋನು ಬಂತು.

"ಹುಳು ತಿಂತಾ ಇದಾವಾ ಮೇಡಂ? ಒಳ್ಳೇ ಸೊಪ್ಪು, ಅನುಮಾನ ಬೇಡ. ನಿಮ್ಮ ಕೈಯಲ್ಲೇ ಬೆಳೆದಿದ್ದು. ಸೋಮವಾರ ಎಂಟು ಗಂಟೆಗೆ ನಿಮ್ಮ ಕುರ್ಚಿ ಒರೆಸಿ ಇಟ್ಟಿರ್ತಾರೆ. ಫರ್ಹಾದೂ."

ಇದು ಷರತ್ತೇ ಎಂದು ನಾನು ಕೇಳಿದೆ. ತಾವು ಯಾವತ್ತೂ ಷರತ್ತು ಹಾಕಿದವರಲ್ಲವೆಂದೂ, ಇರುವುದನ್ನು ಕಾಗದವೇ ಹೇಳುತ್ತದೆಂದೂ ಉತ್ತರಿಸಿದರು. ಹುಳು ತಿಂದದ್ದಕ್ಕೆ ನಾನು ಸಹಿ ಮಾಡಿದ ಹಾಗಾಗುವುದಿಲ್ಲ ಎಂದೆ. ಅವರು, ಮುಂದಿನ ಚಾಕಿಗೆ ತಮ್ಮ ತೋಟದಲ್ಲೂ ಸೊಪ್ಪು ಉಳಿದಿರುತ್ತದೋ ಇಲ್ಲವೋ ಎಂದು ಚಿಂತೆಯಾಗಿದೆ ಎಂದು ಹೇಳಿ ಫೋನು ಇಟ್ಟರು.

ಆ ಹುಳು ನನ್ನದಲ್ಲ, ಇಪ್ಪತ್ತೆರಡು ಮನೆಯವರದು. 4 ಗಂಟೆ 30 ನಿಮಿಷಕ್ಕೆ ಸೊಪ್ಪು ಹಾಕಿದೆವು. 12ರ ಬುಧವಾರ ಬೆಳಿಗ್ಗೆ ಹುಳುವನ್ನು ರೈತರಿಗೆ ಕಳಿಸಿದೆವು. ಅವು ಈಗಲೂ ಚೆನ್ನಾಗಿವೆ, ಕೊನೆಯ ಹಂತದಲ್ಲಿವೆ. ಅದೇ ದಿನ ನಾಲ್ಕನೇ ಚಾಕಿಯ ಮೊಟ್ಟೆ ತಂದೆ.

17ರ ಸೋಮವಾರ ನಾನು ಕೆಲಸಕ್ಕೆ ಹೋಗಲಿಲ್ಲ. ಮಾಳಿಗೇನಹಳ್ಳಿಗೆ ಹೋಗಲು ಬಸ್ಸಿಗೆ ಕಾಯುತ್ತಿದ್ದಾಗ ಬೆಳಿಗ್ಗೆ 7 ಗಂಟೆ 50 ನಿಮಿಷಕ್ಕೆ ಬೈರೇಶ್‌ನ ವಾಹನ ನನ್ನ ಮುಂದೆ ಹಾದುಹೋಯಿತು. ಮುಂದಿನ ಸೀಟಿನಲ್ಲಿ ಫರ್ಹಾ ಇದ್ದಳು. ಊಟದ ಚೀಲ ತೊಡೆಯ ಮೇಲಿತ್ತು. ನನ್ನನ್ನು ನೋಡಿದಳು, ನೋಡದವಳಂತೆ ಮುಖ ತಿರುಗಿಸಲಿಲ್ಲ, ಕೈಯನ್ನೂ ಎತ್ತಲಿಲ್ಲ. ಬೈರೇಶ್ ಮೆಲ್ಲಗೆ ಹಾರನ್ ಮಾಡಿ ನಮಸ್ಕಾರ ಮಾಡಿದ.

ಆ ಸಂಜೆ ಅವಳು ನನ್ನ ಮನೆಗೆ ಬಂದು ಹುಳು ಮನೆಯ ಕೀಲಿ ಹಿಂತಿರುಗಿಸಿದಳು. 13ರ ಗುರುವಾರದಿಂದ ನಾಲ್ಕೂ ಕೇಂದ್ರದವರು ಮುಜಾಮಿಲ್‌ನನ್ನು ಬಾಡಿಗೆಗೆ ಕರೆಯುವುದು ನಿಲ್ಲಿಸಿದ್ದರೆಂದೂ, ಅಂದು ತಾನು ಕೆಲಸಕ್ಕೆ ಹೋದ ಮೇಲೆ ಮಧ್ಯಾಹ್ನವೇ ಕರೆ ಬಂತೆಂದೂ ತಿಳಿಸಿದಳು. ಹೊಸ ಕರಾರಿನಲ್ಲಿ ಮೂರು ವರ್ಷದ ಜಾಗದಲ್ಲಿ ಐದು ವರ್ಷವೆಂದು ಇದೆಯಂತೆ. ಕಾಫಿ ಕೊಟ್ಟೆ, ಕುಡಿಯಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುವಾಗ ಹೇಳಿದಳು:

"ನಿಮ್ಮ ನಾಲ್ಕನೇ ಚಾಕಿ ದಿವಸ ಯಾವುದು ಅಂತ ಕೇಳಿದ್ರು ಮೇಡಂ. ನಾನು ಹೇಳಿಲ್ಲ." ಎರಡು ಮೆಟ್ಟಿಲು ಇಳಿದು ನಿಂತಳು. "ಇನ್ನೂ ಹೇಳಿಲ್ಲ."

ಫರ್ಹಾಳನ್ನು ಆರೋಪಿ ಎಂದಾಗಲಿ ಸಾಕ್ಷಿ ಎಂದಾಗಲಿ ಸೇರಿಸಬಾರದೆಂದು ಕೋರುತ್ತೇನೆ. ಅವಳು ದುಡಿಯಲು ಹೋಗಿದ್ದಾಳೆ. ಎಲ್ಲಿ ದುಡಿಯಬೇಕೆಂಬುದು ಅವಳಿಗೆ ಬಿಟ್ಟದ್ದು ಎಂದು ಹೇಳಲು ಇಷ್ಟಪಡುತ್ತೇನೆ, ಆದರೆ ಹಾಗೆ ಬರೆಸಿದರೆ ಸುಳ್ಳು ಹೇಳಿಕೆಯಾಗುತ್ತದೆ.

ಇಷ್ಟು ಹೇಳಿದ ಮೇಲೆ ಎ.ಎಸ್.ಐ. ಅವರು, ಡ್ರೋನ್ ಹಾರಿದ್ದು ಪಕ್ಕದವರ ತೋಟದಲ್ಲಿ, ಸೊಪ್ಪು ಕಳಿಸಿದ್ದು ಒಳ್ಳೆಯ ಸೊಪ್ಪು, ನಿಮ್ಮನ್ನು ಯಾರೂ ಮುಟ್ಟಿಲ್ಲ ಬೈದಿಲ್ಲ, ಹೀಗಿರುವಾಗ ಯಾವ ಕಲಮಿನಡಿ ಬರೆದುಕೊಳ್ಳಲಿ ಎಂದು ಕೇಳಿದರು. ವ್ಯಂಗ್ಯವಾಗಿ ಕೇಳಲಿಲ್ಲ. ಅವರ ಮಾವನವರೂ ಹುಳು ಸಾಕುತ್ತಿದ್ದವರಂತೆ. ಇಂದೇ ಬಂದ ಕಾರಣವನ್ನು ಮಾತ್ರ ಹೇಳುತ್ತೇನೆ.

ಮೊಟ್ಟೆಯೊಳಗೆ ಕಪ್ಪು ಚುಕ್ಕಿ ಕಂಡ ಮೇಲೆ ಅದನ್ನು ಎರಡು ದಿನ ಪೂರ್ತಿ ಕತ್ತಲೆಯಲ್ಲಿಡಬೇಕು. ಕಿಟಕಿಗೆ, ಬಾಗಿಲಿಗೆ ಕಪ್ಪು ಬಟ್ಟೆ ಕಟ್ಟುತ್ತೇವೆ. ಮುಂದೆ ಬೆಳೆದವು ಹಿಂದುಳಿದವಕ್ಕಾಗಿ ಆ ಕತ್ತಲಲ್ಲಿ ಕಾಯುತ್ತವೆ. ಮೂರನೇ ಬೆಳಿಗ್ಗೆ ಬಟ್ಟೆ ತೆಗೆದು ಬೆಳಕು ಬಿಟ್ಟರೆ ಎಲ್ಲವೂ ಒಟ್ಟಿಗೆ ಹೊರಬರುತ್ತವೆ. ನಡುವೆ ಬೆಳಕು ಬಿದ್ದರೆ ಇಂದು ಕೆಲವು, ನಾಳೆ ಕೆಲವು, ನಾಡಿದ್ದು ಕೆಲವು ಬಂದು, ಒಂದು ತಿನ್ನುವಾಗ ಇನ್ನೊಂದು ಜ್ವರಕ್ಕೆ ಕುಳಿತು, ಚಾಕಿ ಪೂರ್ತಿ ಹಾಳಾಗುತ್ತದೆ. ನಿನ್ನೆ ಬೆಳಿಗ್ಗೆ ನಾನು ಬಟ್ಟೆ ಕಟ್ಟಿದೆ. ನಾಳೆ ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ತೆಗೆಯಬೇಕು. ಸೊಪ್ಪು ಸೂಲಿಬೆಲೆ ಕಡೆಯ ಒಬ್ಬರು ಕೊಡಲು ಒಪ್ಪಿದ್ದಾರೆ. ಅವರ ಹೆಸರನ್ನು ಈ ಕಾಗದದಲ್ಲಿ ಬರೆಸಲು ನನಗೆ ಧೈರ್ಯವಿಲ್ಲ. ಮೊದಲ ಮೂರು ಚಾಕಿಗಳಲ್ಲಿ ನನ್ನನ್ನು ನಂಬಿದವರಲ್ಲಿ ಹದಿಮೂರು ಮನೆಯವರು ಈ ಸಲವೂ ಹುಳು ಬೇಕೆಂದಿದ್ದಾರೆ. ಇದು ಕೆಟ್ಟರೆ ಮತ್ತೆ ಯಾರೂ ಕೇಳುವುದಿಲ್ಲ. ಆಮೇಲೆ ನನ್ನ ಮೇಲೆ ಯಾವ ಕರಾರೂ ಬೇಕಾಗುವುದಿಲ್ಲ.

ಇಂದು ಬೆಳಿಗ್ಗೆ 11 ಗಂಟೆಗೆ ಬೈರೇಶ್ ಮೋರಿಯ ಮೇಲಿಂದ, ಕಪ್ಪು ಬಟ್ಟೆ ನಿನ್ನೆ ಕಟ್ಟಿದಿರೋ ಮೊನ್ನೆ ಕಟ್ಟಿದಿರೋ ಎಂದು ಕೇಳಿದ. ನಾನು ಉತ್ತರ ಕೊಡಲಿಲ್ಲ. ಅವನು ನಕ್ಕು, ಕೊಡದಿದ್ದರೂ ಪರವಾಗಿಲ್ಲ ಎಂದ. ಅನುಸೂಯಮ್ಮನವರನ್ನು ಹುಳು ಮನೆಯ ಬಾಗಿಲ ಮುಂದೆ ಕುರ್ಚಿ ಹಾಕಿ ಕೂರಿಸಿ, ಕೀಲಿಯನ್ನು ಅವರ ಸೊಂಟಕ್ಕೆ ಸಿಕ್ಕಿಸಿ, ನಾನು ಇಲ್ಲಿಗೆ ಬಂದೆ. ನಾಳೆ ಬೆಳಿಗ್ಗೆ ಮೊಟ್ಟೆ ಒಡೆಯುವವರೆಗೆ ಒಬ್ಬ ಪೇದೆಯನ್ನು ಅಲ್ಲಿ ನಿಲ್ಲಿಸಿಕೊಡಬೇಕೆಂಬುದು ನನ್ನ ಬೇಡಿಕೆ. ಬೇರೇನೂ ಇಲ್ಲ.

ಇಷ್ಟು ಬರೆಸುತ್ತಿರುವಾಗ 3 ಗಂಟೆ 25 ನಿಮಿಷಕ್ಕೆ ಬೈರೇಶ್‌ನ ನಂಬರಿನಿಂದ ನನ್ನ ಫೋನಿಗೆ ಕರೆ ಬಂತು. ಎ.ಎಸ್.ಐ. ಅವರು ಸ್ಪೀಕರ್ ಹಾಕಲು ಹೇಳಿದರು. ಅವನ ಮಾತನ್ನು ಎ.ಎಸ್.ಐ. ಅವರೂ ಬರೆಯುತ್ತಿರುವ ಪೇದೆಯವರೂ ಕೇಳಿಸಿಕೊಂಡಿದ್ದಾರೆ. ಎಂದಿನಂತೆ ಮೆಲ್ಲಗೆ ಮಾತಾಡಿದ.

"ಅಕ್ಕ, ಸ್ಟೇಷನ್ ಕೆಲಸ ಮುಗೀತಾ? ಆತುರ ಏನಿಲ್ಲ, ನಿಧಾನಕ್ಕೆ ಬರ್ಸಿ. ಅಜ್ಜಿ ಪಾಪ ಬಿಸಿಲಲ್ಲಿ ಕೂತಿದ್ರು, ಕೀಲಿ ಈಸ್ಕೊಂಡು ಮನೆಗೆ ಕಳ್ಸಿದೀನಿ. ನಾನು ಒಳಗೇ ಇದೀನಿ. ಏನು ಕತ್ಲೆ ಅಕ್ಕ ಇಲ್ಲಿ. ಒಂದ್ ಕಿಟಕಿ ತೆಗೀಲಾ?"

ನಾನು ಬೇಡ ಎಂದೆ. ಅವನು ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಎಂದ. ನಾನು ಇನ್ನೊಂದು ಸಲ ಹೇಳಿದೆ. ಎ.ಎಸ್.ಐ. ಅವರು ಫೋನನ್ನು ತಮ್ಮ ಕೈಗೆ ತೆಗೆದುಕೊಂಡು ತಾವು ಯಾರೆಂದು ಹೇಳಿದರು. ಕರೆ ಕಡಿತವಾಗಲಿಲ್ಲ. ಆ ಕಡೆಯಿಂದ ಮಾತೂ ಬರಲಿಲ್ಲ. ಬಟ್ಟೆ ಎಳೆಯುವ ಸದ್ದಿನಂಥದ್ದು ಕೇಳಿಸಿತು.

ಮೇಲೆ ಬರೆಸಿದ್ದೆಲ್ಲ ನಾನು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು, ಯಾರ ಒತ್ತಾಯವೂ ಇಲ್ಲದೆ ಹೇಳಿದ್ದು. ಸಹಿಗೆ ಮುಂಚೆ ಇದನ್ನು ನನಗೆ ಓದಿ ಹೇಳುವುದು ಕ್ರಮವೆಂದು ತಿಳಿಸಿದರು. ಜೀಪು ಹೊರಟು ನಿಂತಿರುವುದರಿಂದ, ಓದಿ ಹೇಳುವುದು ಬೇಡವೆಂದು ನಾನೇ ಕೇಳಿಕೊಂಡು, ನಿಂತುಕೊಂಡೇ ಸಹಿ ಮಾಡಿದ್ದೇನೆ.

ಸ್ಥಳ: ವಿಜಯಪುರ
ದಿನಾಂಕ: 20-11-2025, ಮಧ್ಯಾಹ್ನ 3 ಗಂಟೆ 31 ನಿಮಿಷ

(ಸಹಿ) ಮಮತ ವಿ.

ನನ್ನ ಸಮಕ್ಷಮ
(ಸಹಿ) ಸಿದ್ದರಾಜು, ಎ.ಎಸ್.ಐ.